‘ಹಾಲಿಲ್ಲ’ ಎನ್ನುವ ಮೊದಲು

ಮಗಳು ಹುಟ್ಟಿದ ಎರಡನೆಯ ರಾತ್ರಿ. ಸಿಸೇರಿಯನ್ ಹೊಲಿಗೆ ಇನ್ನೂ ಹಸಿ. ಮಗು ಒಂದೇ ಸಮ ಅಳುತ್ತಿತ್ತು. ಡ್ಯೂಟಿಯಲ್ಲಿದ್ದ ನರ್ಸ್ ಬಂದು ನನ್ನ ಎದೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಅಮ್ಮನ ಕಡೆ ತಿರುಗಿ, “ಇವರಿಗೆ ಹಾಲಿಲ್ಲ ಕಣಮ್ಮ. ಕೆಳಗೆ ಮೆಡಿಕಲ್ಸಲ್ಲಿ ಪೌಡರ್ ಡಬ್ಬ ಸಿಗುತ್ತೆ, ತರಿಸ್ಬಿಡಿ” ಅಂದರು. ನನ್ನ ಮುಖ ನೋಡಲಿಲ್ಲ. ಮಂಚದ ಪಕ್ಕ ಅವರು ನಿಂತಿದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಆ ರಾತ್ರಿ ಆ ಮಹಡಿಗೆಲ್ಲ ಅವರೊಬ್ಬರೇ ಇದ್ದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ನನ್ನ ಜಗಳ ಅವರ ಜೊತೆಗಲ್ಲ.

ನನ್ನ ಎದುರಿನ ಗೋಡೆಯ ಮೇಲೆ ಗುಲಾಬಿ ಬಣ್ಣದ ದೊಡ್ಡ ಪೋಸ್ಟರು. ನಗುವ ತಾಯಿ, ದುಂಡು ಮಗು, ಕೆಳಗೆ ‘ತಾಯಿಯ ಹಾಲು ಅಮೃತ’ ಎಂಬ ಬರಹ. ಅರ್ಧ ಗಂಟೆಯಲ್ಲಿ ಡಬ್ಬ ಬಂತು. ಡಬ್ಬದ ಮೇಲೂ ಅದೇ ಮಾತು: ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ. ಹಾಗೆ ಅಚ್ಚು ಹಾಕಲೇಬೇಕು ಅನ್ನುವುದು 1992ರ ಕಾನೂನು. ಡಬ್ಬದ ಮೇಲೆ ಮಗುವಿನ ಚಿತ್ರವಾಗಲಿ ಹೆಂಗಸಿನ ಚಿತ್ರವಾಗಲಿ ಇರಕೂಡದು ಎಂದೂ ಅದೇ ಕಾನೂನು ಹೇಳುತ್ತದೆ. ಗೋಡೆ ಹೇಳಿತು, ಡಬ್ಬವೂ ಹೇಳಿತು. ಹೇಗೆ ಕುಡಿಸಬೇಕು ಅಂತ ತೋರಿಸುವ ಒಂದು ಮನುಷ್ಯ ಜೀವ ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ.

ಎದೆಹಾಲಿನ ಬಗ್ಗೆ ನಮ್ಮಲ್ಲಿ ಉಪದೇಶಕ್ಕೆ ಬರ ಇಲ್ಲ, ಬರ ಇರುವುದು ಸಹಾಯಕ್ಕೆ. ಸಹಾಯ ಮಾಡದೆ ಉಪದೇಶ ಮಾಡುವುದು ಬಾಣಂತಿಯ ಮೇಲೆ ಕಲ್ಲು ಹೊರಿಸಿದ ಹಾಗೆ. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟೇ.

ಮೂರನೆಯ ದಿನದಿಂದ ಬಂದವರೆಲ್ಲ ಒಂದೊಂದು ಬುದ್ಧಿಮಾತು ತಂದರು. ಅತ್ತೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಅಂದರು. ದೊಡ್ಡಮ್ಮ ನೀರು ಜಾಸ್ತಿ ಕುಡೀಬೇಡ, ನಂಜಾಗುತ್ತೆ ಅಂದರು. ಪಕ್ಕದ ಮಂಚದವರ ಅಜ್ಜಿ, ನೀರು ಕುಡಿದರೆ ತಾನೇ ಹಾಲು ಅಂದರು. ಗೆಳತಿಯರು ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದರು. “ನೀನು ಟೆನ್ಷನ್ ಮಾಡ್ಕೊಂಡ್ರೆ ಹಾಲು ಬತ್ತಿಹೋಗುತ್ತೆ” ಎಂದು ಹೇಳಿ ಎಲ್ಲರೂ ನನ್ನ ಟೆನ್ಷನ್ ಹೆಚ್ಚಿಸಿ ಹೋದರು. ನನ್ನ ಊಟ, ನನ್ನ ನೀರು, ನನ್ನ ಮನಸ್ಸು ಎಲ್ಲದರ ವಿಚಾರಣೆ ಆಯಿತು. ಕುಡಿಯುವಾಗ ಮಗುವಿನ ಬಾಯಿ ಎಲ್ಲಿದೆ ಅಂತ ಒಬ್ಬರೂ ಬಗ್ಗಿ ನೋಡಲಿಲ್ಲ.

ಬಾಯಿ ಇದ್ದದ್ದು ತೊಟ್ಟಿನ ತುದಿಯಲ್ಲಿ. ಎರಡೇ ದಿನಕ್ಕೆ ತೊಟ್ಟು ಸೀಳಿ ರಕ್ತ ಬಂತು. ಮಗು ಬಾಯಿ ಹಾಕಿದರೆ ಕಾಲಿನ ಬೆರಳು ಮುದುಡುವಷ್ಟು ನೋವು. ಡಿಸ್ಚಾರ್ಜ್ ಆಗಿ ಹಾಸನ ಜಿಲ್ಲೆಯ ನಮ್ಮೂರಿಗೆ, ತವರಿಗೆ ಹೋದೆ. ಐದನೆಯ ದಿನ ನನ್ನ ಎರಡೂ ಎದೆ ಕಲ್ಲಿನಂತೆ ಗಟ್ಟಿಯಾಗಿ, ಮೈ ಕಾದು, ಕೈ ಎತ್ತಲಾಗದ ಸ್ಥಿತಿ. ಈಗ ಯೋಚಿಸಿದರೆ ನಗು ಬರುತ್ತದೆ. ಹಾಲಿಲ್ಲ ಎಂದು ಬರೆದುಕೊಟ್ಟ ಎದೆ ಹಾಲು ಕಟ್ಟಿ ಸಿಡಿಯುತ್ತಿತ್ತು! ಮಗು ಮಾತ್ರ ಬಾಟಲಿಯಲ್ಲಿ ಪೌಡರ್ ಹಾಲು ಕುಡಿಯುತ್ತಿತ್ತು.

ನಿಜವಾಗಿ ಆಗಿದ್ದು ಏನು? ಹೆರಿಗೆಯಾದ ಮೊದಲ ಒಂದೆರಡು ದಿನ ಬರುವುದು ದಪ್ಪನೆಯ ಹಳದಿ ಹಾಲು, ಅದೂ ಚಮಚದ ಲೆಕ್ಕದಲ್ಲಿ. ಆಗ ಮಗುವಿನ ಹೊಟ್ಟೆಗೆ ಬೇಕಾದದ್ದೂ ಅಷ್ಟೇ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಹಾಲು ತುಂಬಿಕೊಳ್ಳುತ್ತದೆ, ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಮಗು ಎಷ್ಟು ಎಳೆದು ಖಾಲಿ ಮಾಡುತ್ತದೋ ಅಷ್ಟು ಹೊಸ ಹಾಲು ಹುಟ್ಟುತ್ತದೆ. ಖಾಲಿ ಆಗದಿದ್ದರೆ, ಇನ್ನು ಬೇಡವೇನೋ ಎಂದು ಮೈ ಕಡಿಮೆ ಮಾಡಿಕೊಳ್ಳುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಎದೆ ಎಳೆಯುವುದಿಲ್ಲ, ಎಳೆಯದ ಎದೆಯಲ್ಲಿ ಹಾಲು ಇಳಿಮುಖವಾಗುತ್ತದೆ, ಆಗ ‘ನಾವು ಹೇಳಿರಲಿಲ್ವಾ’ ಎನ್ನುತ್ತಾರೆ. ಹೀಗೆ ‘ಹಾಲಿಲ್ಲ’ ಅನ್ನುವ ಮಾತು ತಾನೇ ಹಾಲಿಲ್ಲದಂತೆ ಮಾಡಿ, ಆಮೇಲೆ ತಾನೇ ಗೆದ್ದೆ ಅನ್ನುತ್ತದೆ.

ಏಳನೆಯ ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ಬಂದರು. ಕೈ ತೊಳೆದುಕೊಂಡರು. ತೂಗು ತಕ್ಕಡಿಯಲ್ಲಿ ಮಗುವನ್ನು ತೂಗಿದರು, ತೂಕ ಕಡಿಮೆ ಇತ್ತು. ನಾನು ಅಳಲು ಶುರು ಮಾಡಿದೆ. ಅವರು ಮಂಚದ ಅಂಚಿನಲ್ಲಿ ಕೂತು, “ಇರಲಿ ಬಿಡವ್ವ. ಒಂದ್ಸಲ ಕುಡಿಸು, ನೋಡಾನ” ಅಂದರು. ಏಳು ದಿನದಲ್ಲಿ ‘ನೋಡೋಣ’ ಅಂದ ಮೊದಲ ಮನುಷ್ಯರು ಅವರು.

ಗಟ್ಟಿಯಾಗಿದ್ದ ಎದೆಯಿಂದ ಮೊದಲು ಸ್ವಲ್ಪ ಹಾಲನ್ನು ಕೈಯಲ್ಲೇ ಹಿಂಡಿ ಮೆತ್ತಗೆ ಮಾಡಿಸಿದರು. ಮಗುವಿನ ಮೈಯನ್ನು ನನ್ನ ಕಡೆ ಪೂರ್ತಿ ತಿರುಗಿಸಿ ಹೊಟ್ಟೆಗೆ ಹೊಟ್ಟೆ ತಾಗಿಸಿದರು. ಮೂಗಿನ ಎದುರಿಗೆ ತೊಟ್ಟು ಬರುವ ಹಾಗೆ ಹಿಡಿಸಿ, ಮಗು ಆಕಳಿಸುವ ಹಾಗೆ ದೊಡ್ಡದಾಗಿ ಬಾಯಿ ತೆರೆಯುವವರೆಗೆ ಕಾಯಿಸಿದರು. “ಎದೇನ ಮಗಿನ ಹತ್ರ ತಗೊಂಡೋಗ್ಬೇಡ, ಮಗಿನ ಎದೆ ಹತ್ರ ತಗೊಂಬಾ” ಅಂದರು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ಗಲ್ಲ ಎದೆಗೆ ಒತ್ತಿತು, ಕೆಳತುಟಿ ಹೊರಗೆ ಮಡಚಿತು. ನೋವು ಸಟ್ಟನೆ ಇಳಿಯಿತು. ಸ್ವಲ್ಪ ಹೊತ್ತಿಗೆ ಗುಟುಕರಿಸುವ ಸದ್ದು ಕೇಳಿಸಿತು. ಹತ್ತೇ ನಿಮಿಷದ ಕೆಲಸ.

“ಬಟ್ಟೆ ಎಣಿಸು. ದಿನಕ್ಕೆ ಆರು ಸಲನಾದ್ರೂ ಒದ್ದೆ ಮಾಡಿದ್ರೆ ಹಾಲು ಸಾಲ್ತಾ ಐತೆ ಅಂತ ಲೆಕ್ಕ” ಎಂದು ಹೇಳಿ ಹೋದರು. ಸಬ್ಬಸಿಗೆಯ ಮಾತು ಎತ್ತಲೇ ಇಲ್ಲ. ಪೌಡರ್ ಡಬ್ಬ ಅದೇ ದಿನ ಮಾಯವಾಯಿತು ಅಂತ ಸುಳ್ಳು ಹೇಳುವುದಿಲ್ಲ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಮೂರು ವಾರ ಹಿಡಿಯಿತು. ಮಗಳಿಗೆ ಈಗ ಹದಿನಾಲ್ಕು ತಿಂಗಳು.

ಇದು ನನ್ನೊಬ್ಬಳ ದುರದೃಷ್ಟ ಅಂದುಕೊಂಡಿದ್ದೆ. ಆಮೇಲೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿದೆ. ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇ. 41.8 ಮಾತ್ರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆ ಮೊದಲ ಗಂಟೆಯಲ್ಲಿ ಬಾಣಂತಿಯ ಹತ್ತಿರ ಅಜ್ಜಿ ಇಲ್ಲ, ಅತ್ತೆ ಇಲ್ಲ. ಇರುವುದು ಡಾಕ್ಟರು ಮತ್ತು ನರ್ಸು. ಹಾಗಿದ್ದಮೇಲೆ ‘ಹಳ್ಳಿ ಹೆಂಗಸರಿಗೆ ತಿಳಿವಳಿಕೆ ಇಲ್ಲ’ ಎಂಬ ಹಳೆಯ ರಾಗ ಇಲ್ಲಿ ನಡೆಯುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದಾಗ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಯಾರಾದರೂ ಮಗುವನ್ನು ಹಿಡಿದುಕೊಂಡು ಜೊತೆಗೆ ನಿಂತರೆ ಅವಳೂ ಆ ಗಂಟೆಯಲ್ಲಿ ಕುಡಿಸಬಹುದು. ನಿಲ್ಲಲು ಒಬ್ಬರು ಬೇಕು.

ಹಾಲಿನ ಪುಡಿ ಮಾರುವ ಕಂಪನಿಗಳನ್ನು ಬೈಯುವುದು ಸುಲಭ, ಬೈಯಲೂ ಬೇಕು. ಬಡದೇಶಗಳಲ್ಲಿ ಅವು ನಡೆಸಿದ ಮಾರಾಟದ ವಿರುದ್ಧ 1970ರ ದಶಕದಲ್ಲಿ ಜಗತ್ತಿನಾದ್ಯಂತ ಸಿಟ್ಟೆದ್ದಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಅದಕ್ಕೊಂದು ಸಂಹಿತೆ ತಂದಾಗ ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ನಮ್ಮ 1992ರ ಕಾನೂನು, ಅದಕ್ಕೆ 2003ರಲ್ಲಿ ಬಂದ ತಿದ್ದುಪಡಿ, ಎರಡೂ ಕಠಿಣವಾಗಿಯೇ ಇವೆ: ಜಾಹೀರಾತು ಇಲ್ಲ, ತಾಯಂದಿರಿಗೆ ಉಚಿತ ಸ್ಯಾಂಪಲ್ ಇಲ್ಲ. ಆದರೂ ನನ್ನ ಮಂಚಕ್ಕೆ ಡಬ್ಬ ಅರ್ಧ ಗಂಟೆಯಲ್ಲಿ ಬಂತಲ್ಲ! ಅದು ಜಾಹೀರಾತು ನೋಡಿ ಬಂದದ್ದಲ್ಲ. ಮಂಚದ ಪಕ್ಕ ಕೂರಬೇಕಾದವರ ಜಾಗ ಖಾಲಿ ಇತ್ತು, ಅಲ್ಲಿಗೆ ಡಬ್ಬ ಬಂದು ಕೂತಿತು. ಕಾನೂನು ಡಬ್ಬವನ್ನು ತಡೆಯಬಹುದು, ಖಾಲಿ ಜಾಗ ತುಂಬುವುದು ಅದರಿಂದ ಆಗುವುದಿಲ್ಲ.

ಇಷ್ಟು ಹೇಳಿದರೆ ಎರಡು ಕಡೆಯಿಂದ ಪ್ರಶ್ನೆ ಬರುತ್ತದೆ. ಮೊದಲನೆಯದು, ‘ಅದು ಪ್ರಕೃತಿ ಸಹಜ ಅಲ್ವಾ, ಅದಕ್ಕೂ ಟ್ರೈನಿಂಗಾ?’ ಹಾಗೆ ಕೇಳುವವರು ಹಸು ಸಾಕಿಲ್ಲ. ಮೊದಲ ಸಲ ಕರು ಹಾಕಿದ ಹಸು ಕೆಚ್ಚಲು ಮುಟ್ಟಲು ಬಿಡದೆ ಒದೆಯುವುದನ್ನು ನಾನು ನೋಡಿದ್ದೇನೆ. ನಮ್ಮ ತಾತ ಅದರ ಬೆನ್ನು ಸವರುತ್ತ, ಕರುವನ್ನು ತೋಳಲ್ಲಿ ಹಿಡಿದು, ಅದರ ಬಾಯಿಗೆ ಮೊಲೆ ಕೊಡುತ್ತ ಕೊಟ್ಟಿಗೆಯಲ್ಲೇ ಕೂತಿರುತ್ತಿದ್ದರು. ಹಸುವಿಗೆ ಸಿಕ್ಕ ಆ ಅರ್ಧ ಗಂಟೆ ನನಗೆ ಆಸ್ಪತ್ರೆಯಲ್ಲಿ ಸಿಗಲಿಲ್ಲ. ಇನ್ನೊಂದು ಮಾತು: ಯಾರ ಮನೆಯ ಹಸುವಾದರೂ ಕರು ಹಾಕಿದರೆ ಗಿಣ್ಣಿಗಾಗಿ ನಾವು ಪಾತ್ರೆ ಹಿಡಿದು ಹೋಗುತ್ತೇವೆ. ಅದೇ ಜನ ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿ, ಮಗುವಿನ ನಾಲಿಗೆಗೆ ಸಕ್ಕರೆ ನೀರು, ಜೇನು ಸವರುತ್ತಿದ್ದರು. ಅದೂ ಗಿಣ್ಣೇ ಅಲ್ಲವೇ? ಸಹಜ ಎನ್ನುವುದೆಲ್ಲ ತಾನಾಗಿ ನಡೆಯುತ್ತದೆ ಅಂದುಕೊಳ್ಳುವುದು ಸೋಮಾರಿಗಳ ಮಾತು.

ಅಜ್ಜಿಯರ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅನ್ನುವುದನ್ನೂ ಪೂರ್ತಿ ನಂಬಬೇಡಿ. ತುಂಬಿದ ಮನೆಯಲ್ಲಿ ನಾಲ್ಕು ಜನ ಕುಡಿಸುವುದನ್ನು ನೋಡುತ್ತಲೇ ಹುಡುಗಿಯರು ಕಲಿಯುತ್ತಿದ್ದರು, ಅದು ನಿಜ. ನಾನು ಮಗಳನ್ನು ಎತ್ತಿಕೊಳ್ಳುವವರೆಗೆ ಒಬ್ಬ ತಾಯಿ ಹಾಲು ಕುಡಿಸುವುದನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ಆದರೆ ಆಶಾ ಕಾರ್ಯಕರ್ತೆ ಬಂದುಹೋದ ರಾತ್ರಿ ಅಮ್ಮ ಅಟ್ಟದಿಂದ ಒಂದು ಹಳೆಯ ಒಳಲೆ ತೆಗೆದು ತೋರಿಸಿದಳು. “ನಿಂಗೆ ಇದ್ರಲ್ಲೇ ಹಸಿನ ಹಾಲು ಕುಡಿಸಿದ್ದು. ನಂಗೂ ಹಾಲಿಲ್ಲ ಅಂದಿದ್ರು” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಂಗೂ ಎದೆ ಹಿಂಗೇ ಗಟ್ಟಿಯಾಗಿತ್ತು ಕಣೆ” ಅಂದಳು. ಮೂವತ್ತು ವರ್ಷ ತನ್ನ ಮೈಯಲ್ಲೇ ಏನೋ ಕೊರತೆ ಅಂತ ನಂಬಿಕೊಂಡು ಬದುಕಿದ್ದಾಳೆ ನನ್ನಮ್ಮ. ಅವಳ ಪಕ್ಕವೂ ಯಾರೂ ಹತ್ತು ನಿಮಿಷ ಕೂತಿರಲಿಲ್ಲ, ಅಷ್ಟೇ.

ಎರಡನೆಯ ಪ್ರಶ್ನೆ, ‘ಪೌಡರ್ ಹಾಲು ಕೊಟ್ಟವರೆಲ್ಲ ಕೆಟ್ಟ ತಾಯಂದಿರಾ?’ ಅಲ್ಲವೇ ಅಲ್ಲ. ನಿಜವಾಗಿಯೂ ಹಾಲು ಸಾಲದ ತಾಯಂದಿರಿದ್ದಾರೆ. ಕಾಯಿಲೆ, ಶಸ್ತ್ರಚಿಕಿತ್ಸೆ, ತೀರಾ ಬೇಗ ಹುಟ್ಟಿದ ಮಗು, ಹೀಗೆ ಕಾರಣ ಹಲವು. ಮಗು ಸೊರಗುತ್ತಿದ್ದರೆ ಅದರ ಹೊಟ್ಟೆ ತುಂಬಿಸುವುದು ಮೊದಲ ಕೆಲಸ, ಡಬ್ಬದಿಂದಲಾದರೂ ಸರಿ. ಕುಡಿಸುವುದೇ ಬೇಡ ಅಂತ ತೀರ್ಮಾನಿಸಿದವಳಿಗೂ ಯಾರಿಗೂ ಉತ್ತರ ಕೊಡುವ ಹಂಗಿಲ್ಲ. ಆದರೆ ಕುಡಿಸಬೇಕು ಅಂತ ಒದ್ದಾಡುವವಳಿಗೆ ದಾರಿ ತೋರಿಸದೆ ಡಬ್ಬ ಕೈಗಿಟ್ಟು, ಆಮೇಲೆ ಅಮೃತದ ಭಾಷಣ ಮಾಡುವುದು ಮೋಸ. ‘ತಾಯಿ ಹಾಲು ಕುಡಿದಿದ್ರೆ ಬಾರೋ’ ಎಂದು ತೊಡೆ ತಟ್ಟುವ ಸಿನಿಮಾಗಳನ್ನು ನೋಡಿಕೊಂಡು ಬೆಳೆದ ನಾಡು ಇದು. ಎದೆಹಾಲನ್ನು ನಾವು ಶೌರ್ಯ ಮಾಡಿದ್ದೇವೆ, ಪುಣ್ಯ ಮಾಡಿದ್ದೇವೆ, ಋಣ ಮಾಡಿದ್ದೇವೆ. ಕೆಲಸ ಅಂತ ಮಾತ್ರ ಒಪ್ಪಿಕೊಂಡಿಲ್ಲ. ಕೆಲಸ ಅಂತ ಒಪ್ಪಿಕೊಂಡರೆ ಕಲಿಸಬೇಕಾಗುತ್ತದೆ, ಕಲಿಸುವವರಿಗೆ ದುಡ್ಡು ಕೊಡಬೇಕಾಗುತ್ತದೆ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ ನಲವತ್ತೆರಡು ದಿನದೊಳಗೆ ಆರು ಸಲ ಬರಬೇಕು. ಆ ಯೋಜನೆ ಶುರುವಾದಾಗ ಆರೂ ಭೇಟಿಗೆ ಸೇರಿಸಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ನನ್ನ ಆಸ್ಪತ್ರೆ ಬಿಲ್ಲಿನಲ್ಲಿ ಇದಕ್ಕಿಂತ ಸಣ್ಣ ಮೊತ್ತ ಹುಡುಕಿದರೂ ಸಿಗಲಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಉಪಯೋಗಕ್ಕೆ ಬಂದ ಒಬ್ಬರೇ ಒಬ್ಬರು, ಎಲ್ಲರಿಗಿಂತ ಕಡಿಮೆ ಸಿಗುವವರು. ಸರ್ಕಾರ ಅವರನ್ನು ನೌಕರರು ಅನ್ನುವುದಿಲ್ಲ, ಸ್ವಯಂಸೇವಕಿಯರು ಅನ್ನುತ್ತದೆ. 2025ರ ಜನವರಿಯ ಚಳಿಯಲ್ಲಿ ಗೌರವಧನ ಹೆಚ್ಚಿಸಿ ಎಂದು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಾಗ, ಎದೆಹಾಲಿನ ಮಹಿಮೆ ಹೇಳುವ ನಮ್ಮಲ್ಲಿ ಎಷ್ಟು ಜನ ಅದನ್ನು ನಮ್ಮದೇ ವಿಷಯ ಅಂದುಕೊಂಡೆವು? ನಾನಂತೂ ಆಗ ಅಂದುಕೊಂಡಿರಲಿಲ್ಲ.

ಆಗಸ್ಟ್ 1ರಿಂದ 7ರವರೆಗೆ ಪ್ರತಿ ವರ್ಷ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. ದೀಪ ಹಚ್ಚುತ್ತಾರೆ, ಗುಲಾಬಿ ಬ್ಯಾನರ್ ಕಟ್ಟುತ್ತಾರೆ, ಕಾಲೇಜುಗಳಲ್ಲಿ ಪ್ರಬಂಧ ಸ್ಪರ್ಧೆ ಇಡುತ್ತಾರೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಮುಂದಿನ ಸಲ ಆ ಪ್ರಬಂಧ ಬರೆಯುವುದಾದರೆ ಅಮೃತದ ಬಗ್ಗೆ ಬರೆಯಬೇಡಿ. ಹತ್ತಿರದ ಹೆರಿಗೆ ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ಹಾಲು ಕುಡಿಸುವುದನ್ನು ಕಲಿಸುವುದಕ್ಕೇ ಅಂತ ಇಲ್ಲಿ ಒಬ್ಬರು ಇದ್ದಾರೆಯೇ? ಮಗು ಕುಡಿಯುವುದನ್ನು ಒಮ್ಮೆಯಾದರೂ ಪೂರ್ತಿ ನೋಡದೆ ಡಬ್ಬ ತರಿಸುತ್ತೀರಾ? ನೋಡದೆ ಮನೆಗೆ ಕಳಿಸುತ್ತೀರಾ? ಉತ್ತರ ಸಿಗದಿದ್ದರೆ ಅದನ್ನೇ ಬರೆಯಿರಿ.

ಗೋಡೆಯ ಮೇಲಿನ ಪೋಸ್ಟರು ಬೇಕಾದರೆ ಇರಲಿ. ಅದರ ಕೆಳಗೆ ಒಂದು ಕುರ್ಚಿ ಹಾಕಿ. ಆ ಕುರ್ಚಿಯಲ್ಲಿ ಕೂತು ‘ಕುಡಿಸು, ನೋಡಾನ’ ಅನ್ನುವವರಿಗೆ ಸಂಬಳ ಕೊಡಿ.