ನೆನಪಿಗೂ ಒಂದು ತಾಯ್ನುಡಿ ಇದೆ

ಬೈಕುಲ್ಲಾದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್. ಅಲ್ಲಿ ವಾರಕ್ಕೆರಡು ಮಧ್ಯಾಹ್ನ ‘ನೆನಪಿನ ಗಂಟೆ’ ನಡೆಯುತ್ತದೆ. ಹಳೆಯ ಹಿಂದಿ ಚಿತ್ರಗೀತೆ ಹಾಕುತ್ತೇವೆ, ಟ್ರಾಮು, ಗಿರಣಿಗಳ ಫೋಟೊ ತೋರಿಸುತ್ತೇವೆ. ಹಿರಿಯರು ಮೆಲ್ಲಗೆ ಮಾತಿಗಿಳಿಯುತ್ತಾರೆ. ಕುಂದಾಪುರ ಕಡೆಯ ಅಜ್ಜಯ್ಯ ಒಬ್ಬರು ಮಾತ್ರ ತಿಂಗಳುಗಟ್ಟಲೆ ತುಟಿ ಬಿಚ್ಚಿರಲಿಲ್ಲ. ‘ಭಾಗವಹಿಸುವುದಿಲ್ಲ’ ಎಂದು ಅವರ ಕಡತದಲ್ಲಿ ಬರೆದವನು ನಾನೇ. ಎಲ್ಲರೊಡನೆ ಮಾತಾಡುವಂತೆ ಅವರೊಡನೆಯೂ ಹಿಂದಿಯಲ್ಲೇ ಮಾತಾಡುತ್ತಿದ್ದೆ.

ಒಂದು ದಿನ ಮಾತುಂಗಾದಿಂದ ತಂದ ಪುಡಿಯಲ್ಲಿ ಕಾಫಿ ಮಾಡಿ, ಸ್ಟೀಲ್ ಲೋಟ ಕೈಗಿಟ್ಟು, ‘ಅಜ್ಜಯ್ಯ, ಬಿಸಿ ಉಂಟಾ ಕಾಣಿ’ ಎಂದೆ. ಅವರು ಲೋಟವನ್ನು ನನ್ನತ್ತಲೇ ಚಾಚಿದರು: ‘ಮೊದ್ಲ್ ಗಿರಾಕಿಗೆ ಕೊಡಿ.’

ಆಮೇಲೆ ತಿಳಿಯಿತು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತವರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ಹೀಗೆ ಓದಿದವರ ಒಂದು ತಲೆಮಾರೇ ಈ ನಗರದಲ್ಲಿದೆ. ಆ ತಲೆಮಾರು ಈಗ ಆರೈಕೆ ಕೇಂದ್ರಗಳ ಬಾಗಿಲಿಗೆ ಬಂದಿದೆ.

ಹಿರಿಯರು ಹಳೆಯದನ್ನೇ ಮೆಲುಕು ಹಾಕುವುದು ಅರಳುಮರಳಲ್ಲ, ಬಾಳಿನ ಲೆಕ್ಕ ನೋಡಿಕೊಳ್ಳುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ವಾದಿಸಿದ್ದರು. 2018ರ ಕಾಕ್ರೇನ್ ಪರಾಮರ್ಶೆಯು ಮರೆವಿನ ಕಾಯಿಲೆ ಇರುವವರ ಮೇಲೆ ನಡೆದ 22 ಅಧ್ಯಯನಗಳನ್ನು ಒರೆಗೆ ಹಚ್ಚಿತು. ಪ್ರಯೋಜನ ಸಣ್ಣದು, ಎಲ್ಲೆಡೆ ಒಂದೇ ತೆರನಲ್ಲ. ಆದರೂ ಆರೈಕೆ ಕೇಂದ್ರಗಳಲ್ಲಿ ಬದುಕಿನ ಗುಣಮಟ್ಟ ಸುಧಾರಿಸಿದ ಸೂಚನೆ ಸಿಕ್ಕಿತು. ಅಂದರೆ ಇದು ಮದ್ದಲ್ಲ, ಒಡನಾಟ. ಒಡನಾಟಕ್ಕೆ ಭಾಷೆ ಬೇಕು. ಮರೆವು ಹೆಚ್ಚಿದಂತೆ ಎಷ್ಟೋ ಜನರಲ್ಲಿ ಆಮೇಲೆ ಕಲಿತ ನುಡಿ ಮೊದಲು ಜಾರುತ್ತದೆ, ತಾಯ್ನುಡಿ ಕೊನೆಯವರೆಗೆ ಉಳಿಯುತ್ತದೆ.

ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆ 70 ದಾಟಿದ ಎಲ್ಲರಿಗೂ ವಿಸ್ತರಿಸಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ದಿನನಿತ್ಯದ ಆರೈಕೆಯ ಖರ್ಚು ಮನೆಯವರದೇ. ‘ನೆನಪಿನ ಗಂಟೆ’ಯಂಥದ್ದು ಬಿಡುವಿದ್ದ ಸಿಬ್ಬಂದಿಗೆ ಬಿಟ್ಟ ವಿಷಯವಾಗುತ್ತದೆ. ಮರಾಠಿ, ಹಿಂದಿ ಬಲ್ಲ ಆಯಾಗೆ ಕುಂದಾಪುರದ ಬಾಲ್ಯ ತಿಳಿಯಲಿ ಎಂದರೆ ಹೇಗೆ?

ಸರ್ಕಾರಕ್ಕೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಹಿರಿಯರನ್ನು ಕೇಂದ್ರಕ್ಕೆ ಸೇರಿಸುವಾಗ ಔಷಧಿ ಚೀಟಿಯ ಜೊತೆ ಒಂದು ಪುಟ ಬರೆದುಕೊಡಿ: ಮನೆಯಲ್ಲಿ ಕರೆಯುವ ಹೆಸರು, ಆಡುಮಾತು, ಮಾಡಿದ ಕೆಲಸ, ಇಷ್ಟದ ತಿಂಡಿ. ಕೆದಕಬಾರದ ನೆನಪುಗಳನ್ನೂ ಬರೆಯಿರಿ. ಗಿರಣಿಯ ಫೋಟೊ ಕಂಡರೆ 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರ ಗಾಯ ಮತ್ತೆ ಹಸಿಯಾಗಬಹುದು. ದುಬೈನಿಂದಲೋ ಪುಣೆಯಿಂದಲೋ ವಿಡಿಯೊ ಕರೆ ಮಾಡಿದಾಗ ‘ನಾನ್ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ನೆನಪಿನ ಎಳೆಯೊಂದನ್ನು ನೀವೇ ಎತ್ತಿಕೊಡಿ. ಮುಂಬಯಿಯ ಕನ್ನಡ ಸಂಘಗಳು ವಾರ್ಷಿಕೋತ್ಸವದ ಹುರುಪಿನಲ್ಲಿ ಸ್ವಲ್ಪವನ್ನು ವಾರಕ್ಕೊಂದು ಗಂಟೆಯ ಭೇಟಿಗೆ ಮೀಸಲಿಡಲಿ.

ಅಜ್ಜಯ್ಯ ಗುಣವಾಗಿಲ್ಲ. ಬಹಳ ದಿನ ಈಗಲೂ ಸುಮ್ಮನಿರುತ್ತಾರೆ. ಆದರೆ ಕಡತದ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಕನ್ನಡದಲ್ಲಿ ಮಾತಾಡಿಸಿ’ ಎಂದು ಬರೆದಿದ್ದೇನೆ.