ಟೈಮರ್ ಇಟ್ಟು ಬಂದಿದ್ರೆ ಆಗ್ತಿರ್ಲಿಲ್ವಾ?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಹಾಸ್ಟೆಲ್ ರೂಮಿನಲ್ಲಿ, ರಾತ್ರಿ ಒಂದು ಗಂಟೆಗೆ. ಇಂಟರ್ನಲ್ಸ್ ಮುಗಿದಿತ್ತು. ನಾಲ್ಕು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ‘ಸ್ಟಾರ್ ಟ್ರೆಕ್: ವಾಯೇಜರ್’ ಮೊದಲ ಎಪಿಸೋಡ್ ನೋಡಿ ಮುಗಿಸಿದ್ವಿ. 1995ರ ಜನವರಿಯಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾಗಿ, ಏಳು ಸೀಸನ್ ಓಡಿ, 2001ರ ಮೇ ತಿಂಗಳಲ್ಲಿ ನಿಂತ ಸೀರಿಯಲ್ ಇದು. ಅಂದ್ರೆ ನಾವು ಹುಟ್ಟೋ ಮೊದಲೇ ಮುಗಿದುಹೋದದ್ದು. ಆದರೂ ಆ ರಾತ್ರಿ ಶುರುವಾದ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ನೋಡದವರಿಗೆ ಕಥೆ ಇಷ್ಟು. ವಾಯೇಜರ್ ಅನ್ನೋ ಸ್ಟಾರ್‌ಶಿಪ್ ಒಂದು ಬಂಡಾಯಗಾರರ ಹಡಗನ್ನು ಹುಡುಕಿಕೊಂಡು ಹೊರಡುತ್ತೆ. ಕೆಲವೇ ವಾರಗಳ ಕೆಲಸ ಅಂದುಕೊಂಡು ಹೊರಟವರನ್ನು ‘ಕೇರ್‌ಟೇಕರ್’ ಅನ್ನೋ ಅನ್ಯಜೀವಿ ತನ್ನ ಯಂತ್ರದಿಂದ ಗ್ಯಾಲಕ್ಸಿಯ ಇನ್ನೊಂದು ತುದಿಗೆ ಎಳೆದುಕೊಂಡುಬಿಡುತ್ತಾನೆ. ಮನೆ ಈಗ 70,000 ಜ್ಯೋತಿರ್ವರ್ಷ ದೂರ. ಪೂರ್ತಿ ವೇಗದಲ್ಲಿ ಹೋದರೂ 75 ವರ್ಷ. ನಾವು ಅಲ್ಲೇ ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ ನೋಡಿದ್ವಿ: ಬೆಳಕಿನ ವೇಗದ ಸುಮಾರು 933 ಪಟ್ಟು! ಅಷ್ಟು ವೇಗದಲ್ಲಿ ಹೋದರೂ ಹಡಗಿನಲ್ಲಿರೋ ಸುಮಾರು 150 ಜನರಲ್ಲಿ ಹೆಚ್ಚಿನವರು ದಾರಿಯಲ್ಲೇ ಮುದುಕರಾಗಿ ಸಾಯ್ತಾರೆ.

ವಾಪಸ್ ಕಳಿಸೋ ತಾಕತ್ತು ಇರೋದು ಅದೇ ಯಂತ್ರಕ್ಕೆ. ಆದರೆ ಅದರ ಮೇಲೆ ಕೇಜಾನ್ ಅನ್ನೋ ದಾಳಿಕೋರರ ಕಣ್ಣು ಬಿದ್ದಿದೆ. ಅವರ ಕೈಗೆ ಸಿಕ್ಕರೆ ಪಕ್ಕದ ಗ್ರಹದ ಒಕಾಂಪಾ ಜನ ಉಳಿಯಲ್ಲ. ಒಕಾಂಪಾಗಳು ಬರೀ ಒಂಬತ್ತು ವರ್ಷ ಬದುಕೋ ಸಾಧು ಜನ. ಕ್ಯಾಪ್ಟನ್ ಜೇನ್‌ವೇ ಯಂತ್ರವನ್ನೇ ಸ್ಫೋಟಿಸಿ, ಎರಡೂ ಹಡಗಿನ ಜನರನ್ನು ಒಂದೇ ಹಡಗಿಗೆ ಸೇರಿಸಿಕೊಂಡು, ಉದ್ದದ ದಾರಿ ಹಿಡಿಯುತ್ತಾಳೆ.

ಇಲ್ಲೇ ನಮ್ಮ ರೂಮು ಎರಡು ಪಾರ್ಟಿ ಆಗಿದ್ದು. “ಸ್ಫೋಟಕಕ್ಕೆ ಟೈಮರ್ ಇಟ್ಟು, ಅದೇ ಯಂತ್ರದಲ್ಲಿ ಮನೆಗೆ ಬಂದುಬಿಟ್ಟಿದ್ರೆ ಆಗ್ತಿರ್ಲಿಲ್ವಾ? ಇಷ್ಟು ಸಿಂಪಲ್ ಲಾಜಿಕ್ ಹೊಳೀಲಿಲ್ವಾ ಇವಳಿಗೆ?” ಅಂತ ಒಂದು ಪಾರ್ಟಿ. ಪ್ರಪಂಚದ ವಾಯೇಜರ್ ಅಭಿಮಾನಿಗಳೆಲ್ಲ ವರ್ಷಗಳಿಂದ ಕೇಳ್ತಿರೋ ಪ್ರಶ್ನೆ ಇದೇ. ಉತ್ತರ ಎಪಿಸೋಡಿನಲ್ಲೇ ಇದೆ. ಆ ಯಂತ್ರವನ್ನು ಚಾಲೂ ಮಾಡೋಕೆ ಹಲವು ಗಂಟೆ ಬೇಕು, ಹೊರಗೆ ಆಗಲೇ ಯುದ್ಧ ನಡೀತಿದೆ. ಟೈಮರ್ ಲೆಕ್ಕ ಪೇಪರ್ ಮೇಲೆ ಸರಿ, ಆ ಹಲವು ಗಂಟೆ ಅವರ ಹತ್ರ ಇರಲಿಲ್ಲ.

ಆದರೆ ನಮ್ಮ ತಕರಾರು ಟೈಮರ್ ಬಗ್ಗೆ ಅಲ್ಲ. ಜೇನ್‌ವೇ ತೆಗೆದುಕೊಂಡ ನಿರ್ಧಾರ ಸರಿ ಅಂತಲೇ ನಮ್ಮ ಅಭಿಪ್ರಾಯ. ತಪ್ಪು ಮಾಡಿದ್ದು ಸೀರಿಯಲ್. ಇಷ್ಟು ದೊಡ್ಡ ತ್ಯಾಗ ಮಾಡಿಸಿ, ಅದರ ಬೆಲೆಯನ್ನು ಯಾರಿಂದಲೂ ಕಟ್ಟಿಸಲಿಲ್ಲ.

ಮೊದಲ ಸೀಸನ್‌ನಲ್ಲೇ ಹೇಳ್ತಾರೆ: ಹಡಗಿನಲ್ಲಿರೋದು 38 ಫೋಟಾನ್ ಟಾರ್ಪಿಡೊ, ಖಾಲಿಯಾದರೆ ಬೇರೆ ತರೋಕೆ ಅಂಗಡಿ ಇಲ್ಲ. ನಾವು ಖುಷಿಯಾದ್ವಿ, ಇನ್ನು ಪ್ರತಿ ಟಾರ್ಪಿಡೊಗೂ ಲೆಕ್ಕ ಇರುತ್ತೆ ಅಂತ. ಏಳು ಸೀಸನ್‌ನಲ್ಲಿ 38ಕ್ಕಿಂತ ಎಷ್ಟೋ ಹೆಚ್ಚು ಹಾರಿಸಿದರು. ಎಲ್ಲಿಂದ ಬಂತು? ಕೇಳಬಾರದು. ಶಟಲ್‌ಗಳು ಒಂದರ ಮೇಲೊಂದು ಪುಡಿಯಾದವು, ಮುಂದಿನ ವಾರ ಹೊಸದು ರೆಡಿ. ಹೋದ ವಾರ ಹಡಗಿನ ಗೋಡೆ ಕಿತ್ತುಬಂದಿತ್ತು, ಈ ವಾರ ಪೇಂಟ್ ಕೂಡ ಹೋಗಿಲ್ಲ. 1997ರಲ್ಲಿ ಬಂದ ‘ಇಯರ್ ಆಫ್ ಹೆಲ್’ ಅನ್ನೋ ಎರಡು ಭಾಗದ ಕಥೆಯಲ್ಲಿ ಮಾತ್ರ ಹಡಗು ನಿಜವಾಗಿ ಒಡೆದು, ಜನ ಸತ್ತು, ಉಳಿದವರು ಸುಸ್ತಾಗಿ ಬೀಳ್ತಾರೆ. ಕೊನೆಗೆ ಏನಾಗುತ್ತೆ? ಕಾಲವೇ ಹಿಂದೆ ಹೋಗಿ ಎಲ್ಲ ಅಳಿಸಿಹೋಗುತ್ತೆ, ಯಾರಿಗೂ ನೆನಪೂ ಇರಲ್ಲ. ಕಂಟ್ರೋಲ್ ಜಡ್ ಒತ್ತಿದ ಹಾಗೆ.

ಈ ಸೀರಿಯಲ್‌ನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಬಿಟ್ಟುಹೋದ ಬರಹಗಾರ ರೊನಾಲ್ಡ್ ಡಿ. ಮೂರ್, ಆಮೇಲೆ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಹೊಸದಾಗಿ ಮಾಡಿದರು. ಅದರ ಟೈಟಲ್‌ನಲ್ಲೇ ಬದುಕಿ ಉಳಿದವರು ಎಷ್ಟು ಜನ ಅಂತ ಸಂಖ್ಯೆ ತೋರಿಸ್ತಾರೆ. ವಾಯೇಜರ್‌ಗೆ ಬೇಕಾಗಿದ್ದು ಅಂಥದ್ದೊಂದು ಲೆಕ್ಕ.

ಯಾಕೆ ಬೇಕು ಲೆಕ್ಕ? ಹೊಟ್ಟೆ ತುಂಬಿದಾಗ ಹೇಳೋ ನೀತಿಗೆ ತೂಕ ಇಲ್ಲ, ಅದಕ್ಕೆ. ಇದನ್ನು ವಾಯೇಜರ್ ಸೀರಿಯಲ್ಲೇ ಒಮ್ಮೆ ಒಪ್ಪಿಕೊಂಡಿದೆ. 1999ರಲ್ಲಿ ಬಂದ ‘ಈಕ್ವಿನಾಕ್ಸ್’, ಐದನೇ ಸೀಸನ್ನಿನ ಕೊನೆ ಮತ್ತು ಆರನೇ ಸೀಸನ್ನಿನ ಮೊದಲ ಎಪಿಸೋಡ್. ನಮ್ಮ ಪ್ರಕಾರ ಇಡೀ ಸೀರಿಯಲ್‌ನಲ್ಲಿ ಎಲ್ಲಕ್ಕಿಂತ ನಿಜವಾದ ಕಥೆ ಇದೇ.

ಕೇರ್‌ಟೇಕರ್ ಎಳೆದುಕೊಂಡಿದ್ದು ವಾಯೇಜರ್ ಒಂದನ್ನೇ ಅಲ್ಲ. ಈಕ್ವಿನಾಕ್ಸ್ ಅನ್ನೋ ಪುಟ್ಟ ಸಂಶೋಧನಾ ಹಡಗೂ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಯುದ್ಧಕ್ಕೆ ಮಾಡಿದ ಹಡಗಲ್ಲ, ವೇಗವೂ ಕಡಿಮೆ. ಮೊದಲ ವಾರದಲ್ಲೇ ಅರ್ಧ ಜನ ಸತ್ತರು. ಉಳಿದವರಿಗೆ ಊಟಕ್ಕೂ ಕಷ್ಟ. ಹೀಗಿದ್ದಾಗ ಒಂದು ವಿಚಿತ್ರ ಜೀವಿ ಅವರ ಕೈಗೆ ಸಿಗುತ್ತೆ, ಪರೀಕ್ಷೆ ಮಾಡೋವಾಗ ಆಕಸ್ಮಿಕವಾಗಿ ಸತ್ತುಹೋಗುತ್ತೆ. ಅದರ ದೇಹ ಎಂಜಿನ್‌ಗೆ ಅದ್ಭುತ ಇಂಧನ ಅಂತ ಗೊತ್ತಾಗುತ್ತೆ. ಎರಡು ವಾರದೊಳಗೆ ಹತ್ತು ಸಾವಿರ ಜ್ಯೋತಿರ್ವರ್ಷ ದಾಟ್ತಾರೆ! ಆಮೇಲಿನ ಸಾವುಗಳು ಆಕಸ್ಮಿಕ ಅಲ್ಲ. ಕ್ಯಾಪ್ಟನ್ ರ‍್ಯಾನ್ಸಮ್ ಮತ್ತು ಅವನ ಜನ ಆ ಜೀವಿಗಳನ್ನು ಹಿಡಿದು ಹಿಡಿದು ಕೊಲ್ಲೋಕೆ ಶುರು ಮಾಡ್ತಾರೆ.

ಸಿಕ್ಕಿಬಿದ್ದಾಗ ರ‍್ಯಾನ್ಸಮ್ ಜೇನ್‌ವೇಗೆ ಕೊಡೋ ಉತ್ತರದ ಸಾರ ಇದು: ನಿನ್ನ ಹಡಗಿನ ಗೋಡೆ ಗಟ್ಟಿ ಇದೆ, ನಿನ್ನ ಜನ ಉಪವಾಸ ಇಲ್ಲ, ಹಾಗಾಗಿ ತತ್ವ ಹೇಳೋದು ಸುಲಭ. ನಮಗೆ ಈ ಮಾತು ಚುಚ್ಚಿತು. ಅವನು ಸೀರಿಯಲ್ ಮೇಲೆ ಹಾಕಿದ ಆರೋಪ ನಿಜ. ಆದರೆ ಅದರಿಂದ ಅವನು ಮಾಡಿದ್ದು ಸರಿ ಆಗಲ್ಲ.

ಇನ್ನೂ ಭಯ ಆಗಿದ್ದು ಅಲ್ಲಿನ ಡಾಕ್ಟರ್ ನೋಡಿ. ಈ ಹಡಗುಗಳಲ್ಲಿ ಡಾಕ್ಟರ್ ಅಂದ್ರೆ ಒಂದು ಹೋಲೋಗ್ರಾಮ್, ಒಂದು ಪ್ರೋಗ್ರಾಮ್. ಅದಕ್ಕೆ ಸರಿ ತಪ್ಪು ಹೇಳೋ ಭಾಗವನ್ನು ಈಕ್ವಿನಾಕ್ಸ್‌ನವರು ಡಿಲೀಟ್ ಮಾಡಿರ್ತಾರೆ. ಅಷ್ಟೇ. ಉಳಿದ ಎಲ್ಲ ಕೋಡ್ ಹಾಗೇ ಇದೆ, ಅದೇ ಮುಖ, ಅದೇ ಜಾಣತನ. ಈಗ ಅದು ಯಾರನ್ನು ಬೇಕಾದರೂ ಕೊಯ್ಯುತ್ತೆ. ಕೋಡ್ ಬರೆಯೋ ನಾವೆಲ್ಲ ಒಂದು ನಿಮಿಷ ಯೋಚಿಸಬೇಕಾದ ಸೀನ್ ಇದು.

ಎರಡನೇ ಭಾಗದಲ್ಲಿ ಜೇನ್‌ವೇಯೂ ಜಾರ್ತಾಳೆ. ರ‍್ಯಾನ್ಸಮ್‌ನನ್ನು ಹಿಡಿಯೋ ಹಟದಲ್ಲಿ ಅವನ ಕಡೆಯ ಒಬ್ಬನನ್ನು ಬಾಯಿಬಿಡಿಸೋಕೆ ಆ ಜೀವಿಗಳಿಗೆ ಬಲಿಕೊಡೋಕೂ ರೆಡಿಯಾಗ್ತಾಳೆ. ತಡೆದ ತನ್ನ ಉಪನಾಯಕ ಚಕೋಟೇಯನ್ನೇ ಕೆಲಸದಿಂದ ಇಳಿಸ್ತಾಳೆ. ಕೊನೆಗೆ ಮನಸ್ಸು ಬದಲಿಸಿ, ವಾಯೇಜರ್ ಉಳಿಸಿ, ತನ್ನ ಹಡಗಿನ ಜೊತೆ ಸಾಯೋದು ರ‍್ಯಾನ್ಸಮ್. ಯಾರು ಒಳ್ಳೆಯವರು ಅಂತ ಗೆರೆ ಎಳೆಯೋಕೆ ಆಗಲ್ಲ. ಈಕ್ವಿನಾಕ್ಸ್‌ನಿಂದ ಉಳಿದ ಐದು ಜನರನ್ನು ವಾಯೇಜರ್‌ಗೆ ಸೇರಿಸಿಕೊಳ್ತಾರೆ. ಅವರ ಜೊತೆ ಒಂದೇ ಮೆಸ್‌ನಲ್ಲಿ ಊಟ ಮಾಡೋದು ಹೇಗಿರುತ್ತೆ? ಗೊತ್ತಿಲ್ಲ, ಆ ಐದು ಜನ ಮುಂದೆ ಒಂದು ಎಪಿಸೋಡಿನಲ್ಲೂ ಕಾಣಿಸಲ್ಲ. ಮತ್ತೆ ಕಂಟ್ರೋಲ್ ಜಡ್.

ಇದನ್ನು ನೋಡಿದ ರಾತ್ರಿ ನಾವು ಜಾಸ್ತಿ ಮಾತಾಡಲಿಲ್ಲ. ಕಾರಣ ಇದೆ. ಹಿಂದಿನ ಸೆಮ್‌ನಲ್ಲಿ ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಎಕ್ಸ್‌ಪೆರಿಮೆಂಟ್ ಇತ್ತು. ಎರಡು ಗಂಟೆ ಒದ್ದಾಡಿದರೂ ಸಿಆರ್‌ಓದಲ್ಲಿ ಸರಿಯಾದ ವೇವ್ ಬರಲಿಲ್ಲ. ಸಮಯ ಮುಗೀತು. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಇಳಿಸಿದ್ವಿ, ಎಲ್ಲರ ಗ್ರಾಫೂ ಒಂದೇ ಥರ ಚೆಂದ ಬಂತು. “ಇದೊಂದು ಸಲ” ಅಂದುಕೊಂಡಿದ್ವಿ. ಮುಂದಿನ ವಾರ ಸರ್ಕ್ಯೂಟ್ ಸರಿಯಾಗಿ ಜೋಡಿಸೋಕೇ ಹೋಗಲಿಲ್ಲ, ರೆಕಾರ್ಡ್ ಇತ್ತಲ್ಲ! ನಾವು ಯಾರನ್ನೂ ಕೊಂದಿಲ್ಲ, ನಿಜ. ಆದರೆ ಜಾರಿದ ದಾರಿ ಅದೇ: ಮೊದಲನೇದು ಆಕಸ್ಮಿಕ, ಎರಡನೇದು ಅನುಕೂಲ, ಮೂರನೇದು ಅಭ್ಯಾಸ. ನಾಳೆ ಸೇತುವೆಯ ಲೋಡ್ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕೋರು ನಮ್ಮಲ್ಲೇ ಯಾರೋ. ಅಲ್ಲೂ ಟೈಮ್ ಇರಲ್ಲ, ಅಲ್ಲೂ ಡೆಡ್‌ಲೈನ್ ಇರುತ್ತೆ.

ಅದಕ್ಕೇ ಸೀರಿಯಲ್‌ನ ಕೊನೆಯ ಎಪಿಸೋಡ್ ‘ಎಂಡ್‌ಗೇಮ್’ ನಮಗೆ ಹಿಡಿಸಲಿಲ್ಲ. 23 ವರ್ಷ ಕಷ್ಟಪಟ್ಟು ಮನೆ ಸೇರಿದ ಮುದುಕಿ ಜೇನ್‌ವೇ, ದಾರಿಯಲ್ಲಿ ಕಳೆದುಕೊಂಡವರನ್ನು ಉಳಿಸೋಕೆ ನಿಯಮ ಮುರಿದು ಕಾಲದಲ್ಲಿ ಹಿಂದಕ್ಕೆ ಬರ್ತಾಳೆ. ಹಡಗು ಏಳೇ ವರ್ಷಕ್ಕೆ ಮನೆ ತಲುಪುತ್ತೆ. ಶತ್ರುಗಳ ಜಾಲವನ್ನು ನಾಶ ಮಾಡೋದಾ, ಮನೆಗೆ ಹೋಗೋದಾ ಅನ್ನೋ ಪ್ರಶ್ನೆ ಬಂದಾಗ ಈ ಸಲ ಎರಡೂ ಆಗಿಬಿಡುತ್ತೆ. ಮೊದಲ ಎಪಿಸೋಡಿನಲ್ಲಿ ಒಂದನ್ನೇ ಆರಿಸಬೇಕು ಅಂತ ಹೇಳಿದ ಕಥೆ, ಕೊನೆಯಲ್ಲಿ ತಾನೇ ಟೈಮರ್ ಇಟ್ಟು ಬಂದ ಹಾಗಾಯ್ತು.

ಟೈಮರ್ ಪಾರ್ಟಿಯವರು ಈಗಲೂ ಒಪ್ಪಿಲ್ಲ, ಪಕ್ಕದ ಮಂಚದಿಂದ ಇದನ್ನು ಓದಿ ಗೊಣಗ್ತಿದ್ದಾರೆ. ಇರಲಿ. ಏಳು ಸೀಸನ್ ನೋಡೋಕೆ ಟೈಮ್ ಇಲ್ಲದವರು ಮೊದಲ ಕಥೆ ಮತ್ತು ‘ಈಕ್ವಿನಾಕ್ಸ್’ ಎರಡನ್ನೇ ನೋಡಿ, ಸಂಜೆ ಕ್ಯಾಂಟೀನ್ ಹತ್ರ ಸಿಗಿ, ಜಗಳ ಮುಂದುವರಿಸೋಣ. ಅಂದಹಾಗೆ ಈ ಸೆಮ್‌ನಲ್ಲಿ ಒಂದು ಎಕ್ಸ್‌ಪೆರಿಮೆಂಟ್ ಮತ್ತೆ ಕೈಕೊಡ್ತು. ಬಂದ ಸೊಟ್ಟ ಗ್ರಾಫನ್ನೇ ಅಂಟಿಸಿ, ಎಲ್ಲಿ ತಪ್ಪಿರಬಹುದು ಅಂತ ಕೆಳಗೆ ನಾಲ್ಕು ಸಾಲು ಬರೆದು ಕೊಟ್ವಿ. ಮಾರ್ಕ್ಸ್ ಕಡಿಮೆ ಬಂತು.