ಗುರ್ ಎನ್ನುವ ಮರಿಗೆ ಬೇಕಾದದ್ದು ಪಾಠ, ಪೆಟ್ಟಲ್ಲ

ಕಳೆದ ವರ್ಷ ಆರನೆಯ ತರಗತಿಯ ಮಕ್ಕಳಿಗೆ ‘ನಮ್ಮ ಮನೆಯ ಪ್ರಾಣಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಬರೆದದ್ದು ನಾಲ್ಕೇ ಸಾಲು: “ನಮ್ಮ ನಾಯಿಮರಿಗೆ ನಾಲ್ಕು ತಿಂಗಳು. ಅದು ನನ್ನ ಕೈ ಕಚ್ಚಿತು. ಅಪ್ಪ ಅದನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆ. ಅದು ಕೆಟ್ಟ ನಾಯಿ.”

ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಕೊನೆಯ ವಾಕ್ಯವನ್ನು ಒಪ್ಪಲು ನನಗೆ ಆಗಲಿಲ್ಲ. ಕರೆದು ಕೇಳಿದಾಗ ಪೂರ್ತಿ ಸಂಗತಿ ತಿಳಿಯಿತು. ಮರಿಯು ಸೋಫಾದ ಕೆಳಗೆ ಒಂದು ಕಾಲುಚೀಲ ಕಚ್ಚಿಕೊಂಡು ಕುಳಿತಿತ್ತು. ಇವನು ಕೈ ಹಾಕಿ ಎಳೆದ. ಅದಕ್ಕೂ ಮುಂಚೆ ಎಷ್ಟೋ ದಿನ ಅದು ಹೀಗೆಯೇ ‘ಗುರ್’ ಎಂದಿತ್ತು. ಹಾಗೆಂದಾಗಲೆಲ್ಲ ಮನೆಯವರು ಪೇಪರ್ ಸುರುಳಿ ಸುತ್ತಿ ಹೊಡೆದಿದ್ದರು. ಆ ದಿನ ಅದು ಗುರ್ ಎನ್ನಲೇ ಇಲ್ಲ, ನೇರವಾಗಿ ಕಚ್ಚಿತು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ತಪ್ಪು ಮರಿಯದಲ್ಲ, ಆ ಹುಡುಗನದೂ ಅಲ್ಲ, ದೊಡ್ಡವರದು.

ತನ್ನ ಬಾಯಲ್ಲಿರುವುದನ್ನು ಕಾಯ್ದುಕೊಳ್ಳುವುದು ನಾಯಿಯ ಹುಟ್ಟುಗುಣ. ಅನ್ನದ ಬಟ್ಟಲು, ಎಲುಬು, ಆಟದ ಚೆಂಡು, ಮಲಗುವ ಜಾಗ, ಕೆಲವೊಮ್ಮೆ ತನ್ನ ಮೆಚ್ಚಿನ ಮನುಷ್ಯ, ಯಾವುದನ್ನು ಬೇಕಾದರೂ ಅದು ‘ನನ್ನದು’ ಎಂದುಕೊಳ್ಳಬಹುದು. ಕಚ್ಚುವ ಮೊದಲು ಅದು ಸಾಮಾನ್ಯವಾಗಿ ನಮಗೆ ಎಚ್ಚರಿಕೆ ಕೊಡುತ್ತದೆ. ಹತ್ತಿರ ಹೋದರೆ ಗಬಗಬನೆ ತಿನ್ನುತ್ತದೆ. ಇಲ್ಲವೇ ತಿನ್ನುವುದನ್ನು ನಿಲ್ಲಿಸಿ ಕಲ್ಲಿನಂತೆ ನಿಲ್ಲುತ್ತದೆ. ತಲೆ ತಿರುಗಿಸದೆ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ತುಟಿ ಎತ್ತಿ ಹಲ್ಲು ತೋರಿಸುತ್ತದೆ, ಆಮೇಲೆ ಗುರುಗುಟ್ಟುತ್ತದೆ. ಇದೆಲ್ಲ ನಾಯಿಯ ಭಾಷೆ. ಭಾಷೆ ಕಲಿಸುವವಳಾದ ನನಗೆ ಅನಿಸುವುದಿಷ್ಟೇ: ಮಾತನಾಡಿದ್ದಕ್ಕೆ ಹೊಡೆದರೆ ಮಗು ಮಾತನಾಡುವುದನ್ನು ಬಿಡುತ್ತದೆಯೇ ಹೊರತು ಅದರ ಮನಸ್ಸಿನ ಹೆದರಿಕೆ ಹೋಗುವುದಿಲ್ಲ. ಮರಿಯೂ ಅಷ್ಟೇ. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ಮರಿ ಗುರುಗುಟ್ಟದೆ ಕಚ್ಚುವ ನಾಯಿಯಾಗಬಹುದು.

“ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು, ಅದು ಉಣ್ಣುವಾಗ ಬಟ್ಟಲಿಗೆ ಕೈ ಹಾಕಿ ಅಭ್ಯಾಸ ಮಾಡಿಸಬೇಕು” ಎಂದು ಹಲವರು ಹೇಳುತ್ತಾರೆ. ಈ ಯಜಮಾನಿಕೆಯ ವಾದಕ್ಕೆ ಮೂಲ, ಕೂಡಿಹಾಕಿದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನ. ಆ ವಿಚಾರವನ್ನು ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ತೋಳ ತಜ್ಞ ಡೇವಿಡ್ ಮೆಕ್ ಅವರೇ ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ, ತೋಳದ ಹಿಂಡು ಎಂದರೆ ಸಾಮಾನ್ಯವಾಗಿ ತಂದೆ ತಾಯಿ ಮಕ್ಕಳ ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದರು. ನಾವು ಊಟಕ್ಕೆ ಕುಳಿತಾಗ ಯಾರಾದರೂ ದಿನವೂ ಎಲೆಗೆ ಕೈ ಹಾಕಿದರೆ ನಮಗೆ ಅವರ ಮೇಲೆ ಗೌರವ ಹುಟ್ಟುತ್ತದೆಯೇ? ‘ಇವನು ಬಂದರೆ ಊಟ ಹೋಯಿತು’ ಎಂಬ ಅನುಮಾನವೇ ಬಲಿಯುತ್ತದೆ.

ಕಲಿಸಬೇಕಾದದ್ದು ಇದರ ತಿರುಗುಮುರುಗು: ‘ಮನುಷ್ಯ ಹತ್ತಿರ ಬಂದರೆ ಒಳ್ಳೆಯದೇ ಆಗುತ್ತದೆ.’ ಮರಿ ತನ್ನ ಒಣ ಆಹಾರ ತಿನ್ನುತ್ತಿರುವಾಗ, ಅದು ನಿಶ್ಚಿಂತೆಯಿಂದ ಇರುವಷ್ಟು ದೂರದಲ್ಲಿ ಹಾದುಹೋಗಿ. ಹೋಗುವಾಗ ಅದಕ್ಕಿಂತ ರುಚಿಯಾದ ಒಂದು ಚೂರು, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿಯೋ ಪನೀರೋ, ಬಟ್ಟಲಿನ ಬಳಿ ಹಾಕಿ ಮುಂದೆ ನಡೆಯಿರಿ. ದಿನಕ್ಕೆ ಒಂದೆರಡು ಸಲ ಸಾಕು. ಮರಿ ನಿಮ್ಮನ್ನು ಕಂಡು ಬಾಲ ಅಲ್ಲಾಡಿಸತೊಡಗಿದ ಮೇಲೆ ಸ್ವಲ್ಪ ಸ್ವಲ್ಪ ಹತ್ತಿರ ಹೋಗಿ. ಅದರ ಮೈ ಬಿಗಿಯಾದರೆ ಅವಸರವಾಯಿತೆಂದು ತಿಳಿದು ಹಿಂದೆ ಸರಿಯಿರಿ.

ಬಾಯಲ್ಲಿ ಇರುವುದನ್ನು ಕಸಿಯಬೇಡಿ, ಬದಲು ಮಾಡಿಕೊಳ್ಳಿ. ‘ಕೊಡು’ ಎಂದು ಹೇಳಿ ತಿಂಡಿ ತೋರಿಸಿ. ಮರಿ ವಸ್ತುವನ್ನು ಬಿಟ್ಟೊಡನೆ ತಿಂಡಿ ಕೊಡಿ. ಅಪಾಯವಿಲ್ಲದ ವಸ್ತುವಾದರೆ ಅದನ್ನೂ ತಿರುಗಿ ಕೊಟ್ಟುಬಿಡಿ. ಕೊಟ್ಟರೆ ಕಳೆದುಹೋಗುವುದಿಲ್ಲ ಎಂದು ಗೊತ್ತಾದ ಮರಿ ಸೋಫಾದ ಕೆಳಗೆ ಅಡಗುವುದೇಕೆ? ಕಾಲುಚೀಲ, ಚಪ್ಪಲಿ, ರಿಮೋಟುಗಳನ್ನು ಅದಕ್ಕೆ ಸಿಗದಂತೆ ಎತ್ತಿಡುವುದು ನಮ್ಮ ಕೆಲಸ. ಈ ಅಭ್ಯಾಸಗಳನ್ನೆಲ್ಲ ದೊಡ್ಡವರೇ ಮಾಡಿಸಬೇಕು. ಮಕ್ಕಳಿಗೆ ಒಂದೇ ನಿಯಮ: ಉಣ್ಣುವ, ಮಲಗಿರುವ, ಏನನ್ನೋ ಕಚ್ಚಿಕೊಂಡಿರುವ ನಾಯಿಯ ತಂಟೆಗೆ ಹೋಗಬಾರದು.

“ಇದು ಲಂಚ ಕೊಟ್ಟಂತಲ್ಲವೇ?” ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ನಕ್ಕರು. ಲಂಚ ತಪ್ಪು ಕೆಲಸಕ್ಕೆ ಕೊಡುವಂಥದ್ದು. ಇದು ಕಲಿತ ಪಾಠಕ್ಕೆ ಕೊಡುವ ಬಹುಮಾನ. ಹಾಗೆಂದು ಎಲ್ಲವನ್ನೂ ಮನೆಯಲ್ಲೇ ಸರಿಪಡಿಸಬಹುದು ಎನ್ನುತ್ತಿಲ್ಲ. ಮರಿ ಈಗಾಗಲೇ ಕಚ್ಚತೊಡಗಿದ್ದರೆ, ಅಥವಾ ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಹೀಗಾದರೆ, ಪಶುವೈದ್ಯರಿಗೆ ತೋರಿಸಬೇಕು, ಎಲ್ಲಾದರೂ ನೋವಿರಬಹುದು. ಹಲ್ಲು ತಾಗಿ ಗಾಯವಾದರೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಹೆಚ್ಚುಕಡಿಮೆ ಖಚಿತ.

‘ನಾಯಿ ಬಾಲ ಡೊಂಕು’ ಎಂದು ಗಾದೆ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಮ್ಮಲ್ಲೇ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯೂ ಇದೆ. ಮರಿ ಎಂದರೆ ಬಗ್ಗುವ ಗಿಡ. ಬಾಲ ಡೊಂಕಾಗಿಯೇ ಇರಲಿ, ನಡತೆಯನ್ನು ತಿದ್ದಬಹುದು.

ಇಲ್ಲಿ ನಾವೆಲ್ಲ ಫ್ಲಾಟುಗಳಲ್ಲಿ ವಾಸಿಸುವವರು. ಮಕ್ಕಳು ಹಟ ಮಾಡಿದರೆಂದು ಮರಿ ತರುತ್ತೇವೆ. ಕಚ್ಚಿತೆಂದೋ, ರಜೆಗೆ ಊರಿಗೆ ಹೋಗಬೇಕೆಂದೋ ಕೊಟ್ಟುಬಿಡುತ್ತೇವೆ. ಕಚ್ಚುವ ನಾಯಿ ಎಂಬ ಹೆಸರು ಹೊತ್ತ ಮರಿಗೆ ಮತ್ತೊಂದು ಮನೆ ಸಿಗುವುದು ಕಷ್ಟ. ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮರಿ ತರುವ ಮೊದಲು ಅದರ ಭಾಷೆಯನ್ನು ಸ್ವಲ್ಪ ಕಲಿಯಿರಿ, ಕಲಿಸಲು ನಿಮಗೆ ಸಮಯವಿದೆಯೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ತರಬೇಡಿ.

ಆ ಹುಡುಗನ ತಂದೆಯೊಡನೆ ನಾನು ಫೋನಿನಲ್ಲಿ ಮಾತನಾಡುವಷ್ಟರಲ್ಲಿ ಮರಿಯನ್ನು ಕೊಟ್ಟಾಗಿತ್ತು. ಅವನಿಗೆ ಇಷ್ಟೆಲ್ಲ ವಿವರಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಿಸ್, ಹಾಗಾದರೆ ಅದು ನಮಗೆ ಮೊದಲೇ ಹೇಳಿತ್ತಲ್ಲ?” ಎಂದು ಕೇಳಿದ.

ಹೌದು, ಹೇಳಿತ್ತು.